ಎಡಗಡೆಯ ಐದು ವಾಶರು

ಬೈಲಹೊಂಗಲದಲ್ಲಿ ನನ್ನದೊಂದು ಲೇಥ್ ಅಂಗಡಿ ಇತ್ತು. ಪಂಪಿನ ಶಾಫ್ಟು, ಕಬ್ಬಿನ ಗಾಣದ ಹಲ್ಲುಚಕ್ರ, ಟ್ರ್ಯಾಕ್ಟರಿನ ಬುಷ್ಷು, ಇಂಥವನ್ನು ಕಡೆದುಕೊಡುವುದು ನನ್ನ ಕೆಲಸ. ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅವತ್ತು ನನಗೆ ಊಟ ರುಚಿಸುತ್ತಿರಲಿಲ್ಲ. ಹೆಂಡತಿ ಅದನ್ನು ನನ್ನ ರೋಗ ಎನ್ನುತ್ತಿದ್ದಳು. ನಾನು ಅದನ್ನೇ ನನ್ನ ಹೆಚ್ಚುಗಾರಿಕೆ ಎಂದುಕೊಂಡಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು. ಕಿತ್ತೂರಿನ ಹತ್ತಿರದ ಹಳ್ಳಿಯೊಂದರ ದೇಸಾಯರ ವಾಡೆಗೆ ಬಾವಿಯ ಪಂಪು ನೋಡಲು ಹೋಗಿದ್ದೆ. ಕೊಟ್ಟಿಗೆಯ ಪಕ್ಕ, ಜೋಳದ ಕಣಿಕೆಯ ಹೊರೆಗಳ ಅಡಿಯಿಂದ ಒಂದು ಕಾರಿನ ಮೂತಿ ಇಣುಕುತ್ತಿತ್ತು. ಸ್ವಾತಂತ್ರ್ಯಕ್ಕೆ ಮುಂಚಿನ ದೊಡ್ಡ ವಿಲಾಯಿತಿ ಕಾರು. ಟೈರು ಮಣ್ಣಾಗಿದ್ದವು, ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ವಾಡೆಯ ಈಗಿನ ಯಜಮಾನರು, "ಒಯ್ಯೂದಿದ್ರ ಒಯ್ರಿ. ಜಾಗಾ ಖಾಲಿ ಆದ್ರ ಸಾಕಾಗೇತಿ," ಎಂದರು. ಎಂಟು ದಿನಗಳಲ್ಲಿ ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಎಳೆದು ತಂದೆ.

ಕಾರು ಬಂದ ಮೂರನೆಯ ದಿನ, ಅದರ ಸುದ್ದಿ ಕೇಳಿ, ಸವದತ್ತಿಯ ಬಸ್ಸಿಳಿದು ಒಬ್ಬ ಮುದುಕರು ಅಂಗಡಿಯ ಮುಂದೆ ನಿಂತರು. ಅರವತ್ತು ದಾಟಿದ ವಯಸ್ಸು, ಬಿಳಿ ಟೋಪಿ, ಇಸ್ತ್ರಿ ಮಾಡಿದ ಖಾಕಿ ಅಂಗಿ. ನನ್ನ ಕಡೆ ನೋಡದೆ ನೇರವಾಗಿ ಕಾರಿನ ಹತ್ತಿರ ಹೋಗಿ, ಬಾಗಿಲಿನ ಹಿಡಿಕೆಯ ಮೇಲೆ ಕೈಯಿಟ್ಟರು.

"ಹದಿನಾಲ್ಕ ವರ್ಷಾ ನಾ ಓಡಿಸಿದ ಗಾಡಿ ಐತ್ರಿ ಇದು," ಎಂದರು. "ನಿಮಗ ಅಡ್ಡಿ ಇಲ್ಲಂದ್ರ ನಾ ಕೈ ಹಚ್ಚತೇನಿ."

ಅಂದಿನಿಂದ ವಾರಕ್ಕೆ ಮೂರು ದಿನ ಬರತೊಡಗಿದರು. ನಾನು ಅವರನ್ನು ಕಾಕಾ ಎಂದು ಕರೆಯುತ್ತಿದ್ದೆ, ಅವರು ನನ್ನನ್ನು ಮಿಸ್ತ್ರಿ ಎನ್ನುತ್ತಿದ್ದರು. ವಾಡೆಯ ಕೆಲಸ ಬಿಟ್ಟ ಮೇಲೆ ಬಹಳ ವರ್ಷ ಲಾರಿ ಓಡಿಸಿದ್ದರಂತೆ. ಮಾತು ಕಡಿಮೆ. ಆದರೆ ಯಾವ ತಂತಿ ಎಲ್ಲಿಗೆ ಹೋಗುತ್ತದೆ, ಯಾವ ಪೈಪು ಎಲ್ಲಿ ಸೋರುತ್ತಿತ್ತು ಎಂಬುದೆಲ್ಲ ಅವರಿಗೆ ಬಾಯಿಪಾಠ.

ಈಗಿನ ಕಾರುಗಳಂತೆ ಅದು ಒಂದೇ ಡಬ್ಬಿಯಲ್ಲ. ಕೆಳಗೆ ಲಾರಿಗಿರುವಂತೆ ಉಕ್ಕಿನ ಚಾಸಿ, ಅದರ ಮೇಲೆ ಬೇರೆಯಾಗಿ ಕೂರಿಸಿದ ಬಾಡಿ. ಚಾಸಿಯ ಮುಂದಿನ ತುದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಕೊಂಬು. ಕೊಂಬಿನ ಮೇಲೆ ದಪ್ಪ ರಬ್ಬರಿನ ಬಿಲ್ಲೆ, ಬಿಲ್ಲೆಯ ಮೇಲೆ ರೇಡಿಯೇಟರನ್ನು ಹಿಡಿದಿಡುವ ಕಬ್ಬಿಣದ ಚೌಕಟ್ಟು. ಆ ಚೌಕಟ್ಟಿಗೇ ಎರಡೂ ಕಡೆಯ ಮಡ್‌ಗಾರ್ಡು, ಅದರ ಮೇಲೆಯೇ ಬಾನೆಟ್ಟು. ಕೊಂಬುಗಳ ಮೇಲಿನ ಎರಡು ಬೋಲ್ಟು ಸರಿಯಾಗಿ ಕೂತರೆ ಕಾರಿನ ಮುಖವೆಲ್ಲ ಸರಿಯಾಗಿ ಕೂರುತ್ತದೆ. ಇಲ್ಲದಿದ್ದರೆ ಮುಖ ಸೊಟ್ಟ.

ಬಿಚ್ಚುವಾಗ ಎಡಗಡೆಯ ರಬ್ಬರಿನ ಕೆಳಗೆ ಐದು ವಾಶರುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದು ಕಂಡಿತು. ಒಂದೊಂದೂ ಒಂದೊಂದು ದಪ್ಪ, ತುಕ್ಕು ಹಿಡಿದು ಒಂದೇ ಗಂಟಾಗಿದ್ದವು. ಬಲಗಡೆ ಏನೂ ಇರಲಿಲ್ಲ.

"ಯಾವನೋ ಕೈಗೆ ಸಿಕ್ಕಿದ್ದನ್ನ ತುರುಕ್ಯಾನ ನೋಡ್ರಿ ಕಾಕಾ," ಎಂದು ಅದನ್ನು ಗುಜರಿಯ ಬುಟ್ಟಿಗೆ ಎಸೆದೆ.

ಕಾಕಾ ಏನೋ ಹೇಳಲು ಬಾಯಿ ತೆರೆದವರು ಸುಮ್ಮನಾಗಿ, ಸಂಚಿ ಬಿಚ್ಚಿ ಎಲೆಗೆ ಸುಣ್ಣ ಸವರತೊಡಗಿದರು. ಆಗ ನನಗೇನೂ ಅನ್ನಿಸಲಿಲ್ಲ. ಆ ತಿಂಗಳೇ ಬುಟ್ಟಿ ಗುಜರಿಯವನ ಪಾಲಾಯಿತು.

ಎಂಜಿನ್ ಕೆಲಸ, ತಗಡಿನ ಕೆಲಸ, ಬಣ್ಣ ಎಲ್ಲ ಮುಗಿಯುವಷ್ಟರಲ್ಲಿ ಒಂದು ವರ್ಷ ಕಳೆಯಿತು. ಎಂಜಿನ್ ಚಾಲೂ ಆದ ವಾರ ಧಾರವಾಡದಿಂದ ಒಂದು ಕಾಗದ ಬಂತು. ಬರೆದವರು ವಾಡೆಯ ಯಜಮಾನರ ಅಕ್ಕ, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಿಯ ಅಂಚಿನಲ್ಲಿದ್ದವರು. ಅವರ ತಂದೆಯ ಕಾರು ಮತ್ತೆ ಜೀವ ಪಡೆದ ಸುದ್ದಿ ತಮ್ಮನಿಂದ ತಿಳಿಯಿತಂತೆ. ಬರುವ ಭಾನುವಾರ ನೋಡಲು ಬರುತ್ತೇನೆ, ಸಾಧ್ಯವಾದರೆ ಒಂದಿಷ್ಟು ದೂರ ಓಡಿಸುತ್ತೇನೆ ಎಂದಿದ್ದರು.

ಕಾಗದ ಓದಿ ಹೇಳಿದಾಗ ಕಾಕಾನ ಮುಖ ಗಂಭೀರವಾಯಿತು. "ಅಕ್ಕಾಸಾಬ್ರು ಬರತಾರಂತ?" ಎಂದು ಎರಡು ಸಲ ಕೇಳಿದರು. ವಾಡೆಯವರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದರಂತೆ.

ಅದು ಗುರುವಾರ. ಕಾರಿಗೆ ಇನ್ನೂ ಮೂತಿ ಇರಲಿಲ್ಲ. ಚೌಕಟ್ಟು, ಮಡ್‌ಗಾರ್ಡು, ಬಾನೆಟ್ಟು ಎಲ್ಲ ಹೊಸ ಕಪ್ಪು ಬಣ್ಣ ಹೊಡೆಸಿಕೊಂಡು ಗೋಣಿಚೀಲದ ಮೇಲೆ ಮಲಗಿದ್ದವು. ರಬ್ಬರಿನ ಬಿಲ್ಲೆಗಳನ್ನು ನಾನೇ ಲಾರಿ ಟೈರಿನಿಂದ ಕತ್ತರಿಸಿ, ಲೇಥಿಗೆ ಕಟ್ಟಿ ಉಜ್ಜಿ ಸಮ ಮಾಡಿದ್ದೆ. ಎರಡೂ ಒಂದೇ ದಪ್ಪ. ಬೋಲ್ಟುಗಳನ್ನೂ ಹೊಸದಾಗಿ ಕಡೆದಿದ್ದೆ.

ಮಧ್ಯಾಹ್ನದ ಹೊತ್ತಿಗೆ ಚೌಕಟ್ಟು ಕೂರಿಸಿದೆವು. ಮಡ್‌ಗಾರ್ಡು ಹಿಡಿಸಿ, ಬಾನೆಟ್ಟು ಇಳಿಸಿದರೆ, ಎಡಗಡೆ ಬೆರಳು ತೂರುವಷ್ಟು ಸಂದು. ಬಲಗಡೆ ಬಣ್ಣ ಕೆರೆಯುವಷ್ಟು ಬಿಗಿ. ಎಲ್ಲ ಬಿಚ್ಚಿದೆ. ರಬ್ಬರನ್ನು ಅಳೆದೆ, ಸರಿಯಿತ್ತು. ಚೌಕಟ್ಟನ್ನು ನೆಲದ ಮೇಲಿಟ್ಟು ಮೂಲೆಯಿಂದ ಮೂಲೆಗೆ ಅಳೆದೆ, ಸರಿಯಿತ್ತು. ಮತ್ತೆ ಕೂರಿಸಿದೆ. ಮತ್ತೆ ಅದೇ ಸೊಟ್ಟ ಮುಖ.

ಶುಕ್ರವಾರವೂ ಹಾಗೆಯೇ ಹೋಯಿತು. ಎಡದ ರಬ್ಬರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡಿದೆ. ಮಡ್‌ಗಾರ್ಡನ್ನು ಬಣ್ಣಕ್ಕೆ ಒಯ್ದವನು ಎಲ್ಲಾದರೂ ಕೆಡವಿದನೇ ಎಂದು ಅನುಮಾನಪಟ್ಟೆ. ಹೆಂಡತಿ ತಂದ ಊಟದ ಡಬ್ಬಿ ಸಂಜೆಯವರೆಗೂ ಮುಚ್ಚಿಯೇ ಇತ್ತು. ನಾನು ಪಾನಾ ಕೇಳಿದರೆ ಕಾಕಾ ಪಾನಾ ಕೊಡುತ್ತಿದ್ದರು, ಹಿಡಿ ಎಂದರೆ ಹಿಡಿಯುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ. ಅವರ ಮೌನದ ಮೇಲೂ ನನಗೆ ಸಿಟ್ಟು ಬರತೊಡಗಿತು.

"ನೀವು ಓಡಸಾಕತ್ತಾಗ ಹಿಂಗ ಇತ್ತೇನ್ರಿ ಇದು?" ಎಂದು ಗದರಿದಂತೆಯೇ ಕೇಳಿದೆ.

"ಇಲ್ರಿ. ಆವಾಗ ಸರಿ ಇತ್ತು," ಎಂದರು. ಕಣ್ಣು ನೆಲದ ಮೇಲೆ.

ಎಲ್ಲವನ್ನೂ ಅಳೆದಿದ್ದ ನಾನು ಚಾಸಿಯ ಕೊಂಬನ್ನು ಮಾತ್ರ ಅಳೆದಿರಲಿಲ್ಲ. ನಾಲ್ಕು ಬೆರಳು ಅಗಲದ ಉಕ್ಕು ಬಾಗಬಹುದು ಎಂಬ ಯೋಚನೆಯೇ ಸುಳಿಯಲಿಲ್ಲ. ವರ್ಷದ ಹಿಂದೆ ಎಸೆದ ವಾಶರುಗಳ ನೆನಪೂ ಬರಲಿಲ್ಲ.

ಶನಿವಾರ ನನ್ನ ತಾಳ್ಮೆ ತಪ್ಪಿತು. ಎಡ ಮಡ್‌ಗಾರ್ಡಿನ ತೂತು ಬಾಡಿಯ ತೂತಿಗೆ ಅರ್ಧದಷ್ಟೂ ಹೊಂದುತ್ತಿರಲಿಲ್ಲ. ಒತ್ತಾಯದಿಂದಲಾದರೂ ಕೂರಿಸುತ್ತೇನೆಂದು ಚೌಕಟ್ಟಿನ ಕೆಳಗೆ ಕಬ್ಬಿಣದ ಹಾರಿ ತೂರಿಸಿ ಮೀಟತೊಡಗಿದೆ. ಇಂಥ ಕೆಲಸವನ್ನು ಇನ್ನೊಬ್ಬರು ಮಾಡಿದ್ದರೆ ನಾನೇ ಬೈಯುತ್ತಿದ್ದೆ. ಕಾಕಾ ಇನ್ನೊಂದು ಬದಿಯಲ್ಲಿ ಬೋಲ್ಟು ಹಿಡಿದು ಬಗ್ಗಿದ್ದರು. ಚೌಕಟ್ಟು ಕಿರ್ರೆಂದು ಮೇಲೆದ್ದಿತು. ತೂತಿಗೆ ತೂತು ಬಂತೋ ಇಲ್ಲವೋ ನೋಡಲು ಅವರು ಕಿರುಬೆರಳನ್ನು ಒಳಗೆ ತೂರಿಸಿದರು.

"ಬೆರಳ ತಗೀರಿ!" ಎಂದು ಕೂಗಿದೆ.

ಕೂಗುವುದಕ್ಕೂ ಹಾರಿ ಜಾರುವುದಕ್ಕೂ ಸರಿಹೋಯಿತು. ಚೌಕಟ್ಟು ಧಡ್ಡೆಂದು ಕೂತಿತು. ಕಾಕಾ ಹಿಂದಕ್ಕೆ ಬಿದ್ದರು. ಬೆರಳು ಉಳಿದಿತ್ತು, ಆದರೆ ಉಗುರು ಎದ್ದು ಚರ್ಮ ಸುಲಿದಿತ್ತು. ಹೊಸ ಬಣ್ಣದ ಮೇಲೆ ರಕ್ತ ಸಾಲಾಗಿ ಇಳಿಯಿತು. ನಾನು ಕೈಯೊರೆಸುವ ಬಟ್ಟೆ ಹರಿದು ಕಟ್ಟಿದೆ. ಅವರು ಗೋಡೆಗೊರಗಿ ಕೂತು ಕಾರನ್ನೇ ನೋಡುತ್ತ ಹೇಳಿದರು:

"ಎಡಕ್ಕ ಐದು ವಾಶರ್ ಬೇಕ್ರಿ. ಹಾಕ್ರಿ, ಕುಂದರತೈತಿ."

"ನಿಮಗ ಹೆಂಗ ಗೊತ್ತು?"

"ಹಾಕಿದಾಂವ ನಾನ ಅದೇನಿ."

ಮೂರು ದಿನದ ಸಿಟ್ಟನ್ನೆಲ್ಲ ಕಾರಬೇಕೆನ್ನಿಸಿತು. ಆದರೆ ಎದುರಿಗೆ ರಕ್ತಸಿಕ್ತ ಬಟ್ಟೆಯ ಕೈ. ಹೋಗಿ ನೀರು ತಂದುಕೊಟ್ಟೆ. ಕುಡಿದ ಮೇಲೆ ಅವರೇ ಶುರು ಮಾಡಿದರು.

"ಅಕ್ಕಾಸಾಬ್ರು ಆವಾಗ ಧಾರವಾಡದಾಗ ಕಾಲೇಜ ಕಲಿಯಾಕತ್ತಿದ್ರು. ಸೂಟಿಗೆ ಊರಿಗೆ ಬಂದಾಗ ರಾಮದುರ್ಗದ ಬೀಗರ ಮನಿಗೆ ಬಿಟ್ಟು ಬಾ ಅಂದ್ರು ಧಣ್ಯಾರು. ಕಟಕೋಳದ ಹಂತೇಕ ಅಕ್ಕಾಸಾಬ್ರು, ನಾ ಹೊಡಿತೇನಿ ಕೊಡು ಅಂದ್ರು. ಮೊದಲ ಎರಡ ಸಲ ಕದ್ದು ಕಲಿಸಿದ್ದೆ. ಕೊಟ್ಟೆ. ಎದುರಿಗೆ ಎತ್ತಿನ ಬಂಡಿ ಬಂತು. ಬಾಜೂಕ ತಗೊಳ್ಳಾಕ ಹೋಗಿ ಹಳ್ಳದ ಪೂಲಿನ ಕಲ್ಲಿಗೆ ಎಡಗಡಿ ಬಡದ್ರು. ಕೊಂಬು ಬಾಗಿ ಹೋತು."

"ಧಣ್ಯಾರಿಗೆ ಹೇಳಲಿಲ್ಲ?"

"ಹೇಳಿದ್ರ ಅವರ ಕಾಲೇಜ ಬಿಡಿಸಿ ಲಗ್ನಾ ಮಾಡಿಬಿಡತಿದ್ರು. ನನ್ನ ಕೈ ಹಿಡಕೊಂಡು ಅತ್ತರು, ಹತ್ತೊಂಬತ್ತ ವರ್ಷದ ಹುಡಗಿ. ಕಟಕೋಳದ ಕಂಬಾರನ ಕಡೆ ಒಯ್ದೆ. ಅಂವ ಬಡದು ಬಡದು ನೋಡಿದ, ಕೊಂಬು ಪೂರಾ ಏಳಲಿಲ್ಲ. ಐದ ವಾಶರ್ ಕೊಟ್ಟು ಎತ್ತಿ ಕುಂದರಿಸಿದ್ವಿ. ಬಾನೆಟ್ ಸರಿ ಮುಚ್ಚಿತು. ಆದ್ರ ದೀಪಾ ಸ್ವಲ್ಪ ನೆಲಾ ನೋಡತಿತ್ತು."

ದೀಪ ನೆಲ ನೋಡುವುದು ಒಂದು ತಿಂಗಳಾದ ಮೇಲೆ ಧಣಿಯ ಕಣ್ಣಿಗೆ ಬಿತ್ತಂತೆ. ಅವತ್ತು ಅಮಾವಾಸ್ಯೆ, ಕುಟುಂಬವೆಲ್ಲ ಸಿರಸಂಗಿಯ ಕಾಳಿಕಾ ದೇವಿಗೆ ಹೋಗಿತ್ತು. ಗುಡಿಯ ಮುಂದೆ ಕಾರಿನ ಹತ್ತಿರ ಇವರಿಬ್ಬರೇ ಇದ್ದಾಗ ಧಣಿ ಕೇಳಿದರು, ಗಾಡಿ ಎಲ್ಲಿ ಬಡದೈತಿ ಎಂದು. ಎಲ್ಲಿಯೂ ಇಲ್ಲ ಎಂದರು ಇವರು. ಹಾಗಿದ್ದರೆ ದೇವಿತಾಯಿಯ ಆಣೆ ಮಾಡು ಎಂದರು ಧಣಿ.

"ಮಾಡಿದೆ," ಎಂದರು ಕಾಕಾ. "ಗುಡಿ ಕಡೆ ಮಾರಿ ಮಾಡಿ, ಕೈ ಮುಗದು ಸುಳ್ಳ ಆಣಿ ಮಾಡಿದೆ. ಆಮ್ಯಾಲ ಆ ಗುಡಿ ಮೆಟ್ಟಲಾ ಹತ್ತಿಲ್ರಿ. ಮಗಾ ಮಾಳಿಗಿ ಮ್ಯಾಲಿಂದ ಬಿದ್ದು ಕಾಲ ಮುರಕೊಂಡ, ಅದನ್ನ ನೆನಿಸಿದೆ. ಹೆಣ್ತಿ ನಡವಯಸ್ಸಿನಾಗ ಹ್ವಾದ್ಲು, ಅದನ್ನ ನೆನಿಸಿದೆ. ಈಗ ಬೆರಳು."

ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಹಾರಿ ಜಾರಿಸಿದ್ದು ನಾನು ಎಂದೆ. ಅವರು ತಲೆಯಾಡಿಸಿದರು, ಒಪ್ಪಿದ ಹಾಗೆ ಕಾಣಲಿಲ್ಲ.

ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಎರಡೂ ಕೊಂಬುಗಳ ಮಟ್ಟ ನೋಡಿದೆ. ಎಡದ್ದು ಬೆರಳಿನ ದಪ್ಪದಷ್ಟು ತಗ್ಗಿತ್ತು. ಕೊಂಬನ್ನು ಕಾಯಿಸಿ ನೆಟ್ಟಗೆ ಮಾಡಬಹುದಿತ್ತು, ಆದರೆ ಅಷ್ಟು ಹಳೆಯ ಉಕ್ಕು ಬಿರುಕು ಬಿಟ್ಟರೆ ಕಾರೇ ಹೋದಂತೆ. ಸಮಯವೂ ಇರಲಿಲ್ಲ. ತಗ್ಗನ್ನು ಅಳೆದು, ಅಷ್ಟೇ ದಪ್ಪದ ಒಂದೇ ಉಕ್ಕಿನ ಬಿಲ್ಲೆಯನ್ನು ಲೇಥಿನಲ್ಲಿ ಕಡೆದೆ. ಎಡದ ರಬ್ಬರಿನ ಕೆಳಗೆ ಇಟ್ಟು ಚೌಕಟ್ಟು ಇಳಿಸಿದೆ. ಬೋಲ್ಟು ಬೆರಳಿನಿಂದ ತಿರುಗಿಸಿದರೂ ಇಳಿಯಿತು. ಬಾನೆಟ್ಟು ಎರಡೂ ಕಡೆ ಒಂದೇ ಸಂದು ಬಿಟ್ಟು ಮುಚ್ಚಿಕೊಂಡಿತು. ಹೊತ್ತು ಮುಳುಗುತ್ತಿತ್ತು. ಬಸ್ಸಿಗೆ ಹೊರಡುವಾಗ ಕಾಕಾ ನನ್ನ ಕೈ ಹಿಡಿದರು.

"ನಾಳೆ ಅಕ್ಕಾಸಾಬ್ರ ಮುಂದ ಈ ಮಾತ ತಗೀಬ್ಯಾಡ್ರಿ ಮಿಸ್ತ್ರಿ. ಅವರು ಮರತಿರಬೇಕು."

ಭಾನುವಾರ ಹತ್ತು ಗಂಟೆಗೆ ಅಕ್ಕಾಸಾಬರು ಒಬ್ಬರೇ ಬಂದರು. ನರೆತ ಕೂದಲು, ಇಳಕಲ್ ಸೀರೆ, ಕನ್ನಡಕ. ಕಾರನ್ನು ನೋಡಿ ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದರು. ಕಾಕಾನನ್ನು ಕಂಡು, "ಡ್ರೈವರಣ್ಣಾ, ಮುದುಕ ಆಗಿ ಬಿಟ್ಟಿ ನೀ!" ಎಂದು ನಕ್ಕರು. ಕಟ್ಟಿದ ಬೆರಳನ್ನು ಕಾಕಾ ಬೆನ್ನ ಹಿಂದೆ ಮರೆಮಾಡಿದರು.

ಸವದತ್ತಿಯವರೆಗೆ ಹೋಗಿ ಕಾಕಾನನ್ನು ಮನೆಗೆ ಬಿಟ್ಟು ಬರೋಣ ಎಂದು ಅಕ್ಕಾಸಾಬರೇ ಹೇಳಿದರು. ಸ್ಟಿಯರಿಂಗ್ ಹಿಡಿದರು. ಪಕ್ಕದಲ್ಲಿ ಕಾಕಾ, ಹಿಂದೆ ನಾನು. ಊರು ದಾಟುವವರೆಗೂ ನನ್ನ ಕಿವಿಯೆಲ್ಲ ಮುಂದಿನ ಚೌಕಟ್ಟಿನ ಮೇಲೆ. ಪ್ರತಿ ತಗ್ಗಿಗೂ ಬೋಲ್ಟು ಕಳಚಿತೇ ಎಂದು ಆಲಿಸುತ್ತಿದ್ದೆ. ಏನೂ ಆಗಲಿಲ್ಲ. ಎರಡೂ ಬದಿಗೆ ಎರೆಹೊಲ, ರಸ್ತೆ ಖಾಲಿ. ಅವರು ಚೆನ್ನಾಗಿಯೇ ಓಡಿಸುತ್ತಿದ್ದರು. ನಾನು ಹಿಂದಕ್ಕೊರಗಿದೆ.

ಆಗ ಅವರು ನಗುತ್ತ ಕೇಳಿದರು, "ಡ್ರೈವರಣ್ಣ, ಕಟಕೋಳದ ಪೂಲಾ ನೆನಪೈತೇನ?"

ಕಾಕಾ ಕನ್ನಡಿಯಲ್ಲಿ ನನ್ನ ಕಡೆ ನೋಡಿದರು. ನಾನು ಹೇಳಿಲ್ಲ ಎಂಬಂತೆ ತಲೆ ಅಲ್ಲಾಡಿಸಿದೆ.

"ಐತ್ರಿ," ಎಂದರು ಮೆಲ್ಲಗೆ.

ಅಕ್ಕಾಸಾಬರು ನನ್ನ ಕಡೆಗೆ ಅರ್ಧ ತಿರುಗಿ ಕತೆ ಶುರು ಮಾಡಿದರು. ಬಂಡಿ, ಕಲ್ಲು, ಕಂಬಾರ, ತಾವು ಅತ್ತದ್ದು ಎಲ್ಲವನ್ನೂ. ಅವರ ಬಾಯಲ್ಲಿ ಅದೊಂದು ತಮಾಷೆಯ ಕತೆ. ಕೊನೆಗೆ ಹೇಳಿದರು: "ನನಗ ತಡಕೊಳ್ಳಾಕ ಆಗಲಿಲ್ಲ ನೋಡ್ರಿ. ಎಂಟ ದಿನಕ್ಕ ನಾನ ಅಪ್ಪಾರ ಮುಂದ ಹೇಳಿಬಿಟ್ಟೆ. ಬೈದ್ರು, ಎರಡ ದಿನಾ ಮಾತ ಬಿಟ್ರು, ಅಷ್ಟ. ಡ್ರೈವರನ್ನ ಬಿಡಿಸಬ್ಯಾಡ್ರಿ ಅಂತ ಕೇಳಿಕೊಂಡೆ. ಬಿಡಿಸೂದಿಲ್ಲ, ಆದ್ರ ನನಗ ಗೊತ್ತೈತಿ ಅಂತ ಅವಂಗ ಹೇಳಬ್ಯಾಡ, ಅಂಜಿಕಿ ಇರಲಿ, ಅಂದ್ರು."

ಎಂಟು ದಿನಕ್ಕೆ. ಆಣೆ ಮಾಡಿಸಿದ್ದು ತಿಂಗಳ ಮೇಲೆ. ಲೆಕ್ಕ ನನ್ನ ತಲೆಗೆ ಹೊಳೆಯಿತು. ಎಲ್ಲ ಗೊತ್ತಿದ್ದೂ ಆ ಮನುಷ್ಯ ಗುಡಿಯ ಮುಂದೆ ನಿಲ್ಲಿಸಿ ಆಣೆ ಮಾಡಿಸಿದ್ದ.

"ಗಾಡಿ ನಿಲ್ಲಸ್ರಿ," ಎಂದರು ಕಾಕಾ.

"ಯಾಕ, ಏನಾತು?"

"ನಿಲ್ಲಸ್ರಿ ಅಂದ್ನೆಲ್ರಿ!"

ಅಂಥ ಧ್ವನಿಯನ್ನು ಒಂದು ವರ್ಷದಲ್ಲಿ ನಾನು ಕೇಳಿರಲಿಲ್ಲ. ಕಾರು ನಿಂತಿತು. ಕಾಕಾ ಇಳಿದು ಬಾಗಿಲು ಹಾಕಿ, ಕಿಟಕಿಗೆ ಬಗ್ಗಿದರು.

"ಮೂವತ್ತೈದ ವರ್ಷ ಆತ್ರಿ ಅಕ್ಕಾಸಾಬ್ರ. ಸಿರಸಂಗಿ ಗುಡಿ ಮುಂದ ನಿಮ್ಮ ಅಪ್ಪಾರು ನನ್ನ ಕಡೆ ಆಣಿ ಮಾಡಿಸಿದ್ರು. ನಿಮ್ಮ ಸಲುವಾಗಿ ಸುಳ್ಳ ಆಣಿ ಮಾಡಿದೆ. ನನ್ನ ಮನ್ಯಾಗ ಯಾರಿಗೆ ಏನ ಆದ್ರೂ ಅದರ ಪಾಪಾನ ಅನಕೊಂಡು ಬದುಕೇನಿ. ಒಂದ ಮಾತ ನನಗ ಹೇಳಿದ್ರ ನಿಮ್ಮ ಗಂಟೇನ ಹೋಗತಿತ್ತು?"

ಅವರು ಉತ್ತರಕ್ಕೆ ಕಾಯಲಿಲ್ಲ. ಸವದತ್ತಿಯ ದಿಕ್ಕಿಗೆ ನಡೆಯತೊಡಗಿದರು. ನಾನು ಇಳಿದು ಓಡಿದೆ. ಇಪ್ಪತ್ತು ಹೆಜ್ಜೆ ಜೊತೆಗೆ ನಡೆದ ಮೇಲೆ ನಿಂತು, "ನೀವ ಹಿಂದ ಹೋಗ್ರಿ ಮಿಸ್ತ್ರಿ. ಹೆಣ್ಣಮಗಳು ಒಬ್ರ ಅದಾರ," ಎಂದರು. ಸಿಟ್ಟಿನಲ್ಲೂ ಅದೊಂದು ಎಚ್ಚರ ಅವರಿಗಿತ್ತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಬಂದ ಬಸ್ಸಿಗೆ ಕೈ ಮಾಡಿ ಹತ್ತಿಹೋದರು.

ಕಾರಿನಲ್ಲಿ ಅಕ್ಕಾಸಾಬರು ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟುಕೊಂಡು ಹಾಗೆಯೇ ಕೂತಿದ್ದರು.

"ಆಣಿ ಮಾಡಿಸಿದ್ದು ನನಗ ಗೊತ್ತಿರಲಿಲ್ರಿ," ಎಂದರು. ಕನ್ನಡಕ ತೆಗೆದು, "ಗೊತ್ತಿದ್ರೂ ಹೇಳತಿದ್ನೋ ಇಲ್ಲೋ. ಆವಾಗ ನನಗ ನನ್ನ ಕಾಲೇಜಿಂದ ಅಷ್ಟ ಚಿಂತಿ," ಎಂದರು. ಆಮೇಲೆ ಓಡಿಸಲಾರೆ ಎಂದು ಹಿಂದಿನ ಸೀಟಿಗೆ ಹೋದರು. ನಾನೇ ಬೈಲಹೊಂಗಲಕ್ಕೆ ವಾಪಸು ಓಡಿಸಿಕೊಂಡು ಬಂದೆ.

ಕಾಕಾ ಅಂಗಡಿಗೆ ಬರುವುದು ನಿಂತಿತು. ನಾನೇ ಎರಡು ಸಲ ಸವದತ್ತಿಗೆ ಹೋದೆ. ಕಟ್ಟೆಯ ಮೇಲೆ ಕೂರಿಸಿ ಚಹಾ ಕುಡಿಸಿದರು, ಬೆರಳು ತೋರಿಸಿದರು, ಮೊಮ್ಮಕ್ಕಳ ಶಾಲೆಯ ಮಾತಾಡಿದರು. ಕಾರಿನ ಸುದ್ದಿ ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದರು.

ಎರಡು ತಿಂಗಳ ಮೇಲೆ ಧಾರವಾಡದಿಂದ ಮತ್ತೆ ಕಾಗದ ಬಂತು. ಕಾಕಾನ ಮನೆಗೆ ಕರೆದುಕೊಂಡು ಹೋಗುವಿರಾ ಎಂದು ಕೇಳಿದ್ದರು. ಹೊರಹಾಕಿದರೂ ಸರಿ, ಹೋಗಬೇಕು ಎಂದಿದ್ದರು. ಕಾರು ಬೇಡ ಎಂದದ್ದೂ ಅವರೇ. ಬಸ್ಸಿನಲ್ಲಿ ಹೋದೆವು. ಬಾಗಿಲಲ್ಲಿ ಅವರನ್ನು ಕಂಡ ಕಾಕಾ ಹೊಸ್ತಿಲಲ್ಲೇ ತಡೆದು ನಿಂತರು. ಕಡೆಗೆ ಸೊಸೆಯನ್ನು ಕರೆದು, "ಚಾಪಿ ಹಾಸವ್ವಾ," ಎಂದರು.

ನಾನು ಹೊರಗೆ ಕಟ್ಟೆಯ ಮೇಲೆ ಉಳಿದೆ. ಒಳಗಿನಿಂದ ಬಹಳ ಹೊತ್ತು ಕಾಕಾನ ಧ್ವನಿಯೇ ಕೇಳುತ್ತಿತ್ತು, ಒಮ್ಮೆ ಏರಿ ಒಮ್ಮೆ ಇಳಿದು. ಅಕ್ಕಾಸಾಬರ ಧ್ವನಿ ಎರಡು ಮೂರು ಸಲ ಮಾತ್ರ ಕೇಳಿತು, ಒಂದು ಮಾತು ಸ್ಪಷ್ಟವಾಗಿ: "ನೀವು ಅನ್ನೂದು ಖರೆ ಐತ್ರಿ." ಅಷ್ಟು ವರ್ಷ ನೀ ಎನ್ನುತ್ತಿದ್ದವರು ನೀವು ಎಂದರು.

ಹೊರಗೆ ಬಂದಾಗ ಇಬ್ಬರ ಕಣ್ಣೂ ಕೆಂಪಾಗಿದ್ದವು. ಕಾಕಾ ಟೋಪಿ ಹಾಕಿಕೊಂಡು ಬಸ್ ನಿಲ್ದಾಣದವರೆಗೆ ಬಂದರು. ಧಾರವಾಡದ ಬಸ್ಸಿಗೆ ಗದ್ದಲವಿತ್ತು. ಕಾಕಾ ಮಂದಿಯ ನಡುವೆ ನುಗ್ಗಿ, ಕಿಟಕಿಯಿಂದ ವಸ್ತ್ರ ಎಸೆದು ಅಕ್ಕಾಸಾಬರಿಗೆ ಒಂದು ಸೀಟು ಹಿಡಿದುಕೊಟ್ಟರು. ಬಸ್ಸು ಹೊರಟಾಗ ಇಬ್ಬರೂ ಕೈಯೆತ್ತಲಿಲ್ಲ, ನೋಡುತ್ತಿದ್ದರು ಅಷ್ಟೇ.

ಒಳಗೆ ಏನು ಮಾತಾಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕ್ಷಮಿಸಿದರೋ, ಸುಮ್ಮನೆ ದಣಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಬೈಲಹೊಂಗಲದ ಬಸ್ಸಿಗೆ ನಾನು ಕಾಯುತ್ತಿದ್ದಾಗ ಕಾಕಾ ಪಕ್ಕದಲ್ಲಿ ನಿಂತು, ಎಲೆಯ ತೊಟ್ಟು ಮುರಿಯುತ್ತ ಹೇಳಿದರು:

"ಸೋಮಾರ ಬರತೇನಿ. ಬ್ರೇಕಿನ ಪೈಪ್ ಇನ್ನೂ ಹಳೇವ ಅದಾವು, ಬದಲಿ ಮಾಡೂಣ."